ಎಷ್ಟನೇ ಕ್ಲಾಸು ಎಂದು ಕೇಳದ ಶಾಲೆ

ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಮಗುವಿಗೆ ಮೂರು ತುಂಬುತ್ತಿದ್ದಂತೆ ಶಾಲೆಯ ಮಾತು ಶುರುವಾಗುತ್ತದೆ. ಯಾವ ಸಿಲಬಸ್, ಡೊನೇಷನ್ ಎಷ್ಟು, ವ್ಯಾನ್ ಮನೆ ಬಾಗಿಲಿಗೆ ಬರುತ್ತದೆಯೇ, ಅಪ್ಪ ಅಮ್ಮನಿಗೂ ಇಂಟರ್‌ವ್ಯೂ ಇದೆಯೇ ಎಂಬ ವಿಚಾರಣೆಗಳು. ಸೇರಿಸಿದ ಮೇಲೆ ನೆಂಟರಿಷ್ಟರು ಕೇಳುವುದು ಒಂದೇ ಪ್ರಶ್ನೆ: ‘ಎಷ್ಟನೇ ಕ್ಲಾಸು?’

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲಾಗದ ತಂದೆತಾಯಿಯರೂ ದಕ್ಷಿಣ ಬೆಂಗಳೂರಿನಲ್ಲಿ ಬಹಳ ಕಾಲದಿಂದ ಇದ್ದಾರೆ. ಅವರ ಮಕ್ಕಳು ಕಲಿಯುವ ಕಡೆ ಒಂದನೇ ಕ್ಲಾಸಿಗೊಂದು, ಎರಡನೇ ಕ್ಲಾಸಿಗೊಂದು ಎಂದು ಕೋಣೆಗಳನ್ನು ಹಂಚಿಲ್ಲ. ಏಳು ವರ್ಷದ ಹುಡುಗಿ ಕನ್ನಡ ಓದುವಾಗ ಒಂಬತ್ತು ವರ್ಷದವರ ಜೊತೆ ಕೂತಿರುತ್ತಾಳೆ, ಲೆಕ್ಕ ಮಾಡುವಾಗ ಆರು ವರ್ಷದವರ ಜೊತೆ. ಇಡೀ ಶಾಲೆಯ ಮಕ್ಕಳನ್ನು ಒಂದು ಜಗಲಿಯ ಮೇಲೆ ಕೂರಿಸಬಹುದು. ಹಾಗಾಗಿ ಯಾವ ಮಗು ಹೇಗೆ ಪೆನ್ಸಿಲ್ ಹಿಡಿಯುತ್ತದೆ, ಯಾವುದು ನಕ್ಕಾಗ ಕಣ್ಣು ಮುಚ್ಚಿಕೊಳ್ಳುತ್ತದೆ ಎಂಬುದು ಅಲ್ಲಿನ ಶಿಕ್ಷಕರಿಗೆಲ್ಲ ಗೊತ್ತು.

ಇಂಥ ಶಾಲೆಗಳಲ್ಲಿ ನಮ್ಮ ಈ ಭಾಗಕ್ಕೆ ಹತ್ತಿರದ್ದು, ಬಹಳ ಜನಕ್ಕೆ ಹೆಸರೂ ತಿಳಿಯದ್ದು ‘ವಿಕಸನ’. ಎಂ.ಸಿ. ಮಾಲತಿ ಅವರು ಕನಕಪುರ ರಸ್ತೆಯ ದೊಡ್ಡಕಲ್ಲಸಂದ್ರದ ಆಸುಪಾಸಿನಲ್ಲಿ ಅದನ್ನು ಕಟ್ಟಿದರು. ಈಗ ಅಲ್ಲಿ ಮೆಟ್ರೊ ನಿಲ್ದಾಣವೇ ಇದೆ. ಶಾಲೆ ಶುರುವಾದ ಕಾಲಕ್ಕೆ ಅದು ಊರಿನ ಹೊರಗು. ಹಳ್ಳಿಯ ಮಕ್ಕಳೂ ಪಟ್ಟಣದ ಮಕ್ಕಳೂ ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿತ ಜಾಗ. ದೊಡ್ಡ ಕಟ್ಟಡವನ್ನೂ ಜಾಹೀರಾತನ್ನೂ ನಂಬದೆ, ಒಬ್ಬ ಶಿಕ್ಷಕಿಯ ಹಟದ ಮೇಲೆ ನಿಂತ ಶಾಲೆ ಅದು.

ಮಾಲತಿ ಅವರು ಈ ಕೆಲಸ ಕಲಿತದ್ದು ಕೋಲಾರ ಜಿಲ್ಲೆಯ ನೀಲ್‌ಬಾಗ್‌ನಲ್ಲಿ, ಡೇವಿಡ್ ಹಾರ್ಸ್‌ಬರೊ ಅವರ ಬಳಿ. ಈ ಹೆಸರನ್ನು ಕನ್ನಡ ನಾಡಿನ ಪ್ರತಿಯೊಬ್ಬ ಪ್ರಾಥಮಿಕ ಶಾಲಾ ಶಿಕ್ಷಕರೂ ತಿಳಿದಿರಬೇಕು ಎಂಬುದು ನನ್ನ ಭಾವನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಈ ಮನುಷ್ಯ ಇಲ್ಲಿಯೇ ಬೇರುಬಿಟ್ಟರು. ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದರು, ಬ್ರಿಟಿಷ್ ಕೌನ್ಸಿಲಿನಲ್ಲಿ ಕೆಲಸ ಮಾಡಿದರು, ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬರೆದರು. 1972ರಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಶಾಲೆ ತೆರೆದರು. ಸುತ್ತಲಿನ ಹಳ್ಳಿಗಳ ಬಡವರ ಮಕ್ಕಳು ಅಲ್ಲಿಗೆ ಬಂದರು. ಪರೀಕ್ಷೆ ಇಲ್ಲ, ಶಿಕ್ಷೆ ಇಲ್ಲ, ಬಹುಮಾನವೂ ಇಲ್ಲ. ಓದು ಬರಹ ಲೆಕ್ಕದ ಜೊತೆಗೆ ಮರಗೆಲಸ, ಮಡಕೆ, ತೋಟ, ಹೊಲಿಗೆ. ಶಿಕ್ಷಕರಾಗಬೇಕೆಂದು ಬಂದವರೂ ಮಕ್ಕಳ ಪಕ್ಕದಲ್ಲೇ ಕೂತು, ಗರಗಸ ಹಿಡಿದು, ಹಾಡು ಹೇಳಿ, ವರ್ಷಗಟ್ಟಲೆ ಇದ್ದು ಕಲಿಯಬೇಕಿತ್ತು. ಹಾರ್ಸ್‌ಬರೊ 1984ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಕೈಕೆಳಗೆ ತಯಾರಾದವರು ಬೇರೆ ಬೇರೆ ಕಡೆ ಸಣ್ಣ ಸಣ್ಣ ಶಾಲೆಗಳನ್ನು ತೆರೆದಿದ್ದರು.

ಹಿರಿ ಕಿರಿಯ ಮಕ್ಕಳು ಒಂದೇ ಕಡೆ ಕಲಿಯುವುದು ಇಂಗ್ಲೆಂಡಿನಿಂದ ಬಂದ ಹೊಸ ವಿಚಾರವೇನಲ್ಲ. ನಮ್ಮ ಕೂಲಿಮಠಗಳಲ್ಲಿ, ಐಗಳ ಶಾಲೆಗಳಲ್ಲಿ ದೊಡ್ಡ ಹುಡುಗರು ಚಿಕ್ಕವರಿಗೆ ಅಕ್ಷರ ತಿದ್ದಿಸುತ್ತಿದ್ದರು. ಹದಿನೆಂಟನೇ ಶತಮಾನದ ಕೊನೆಗೆ ಮದರಾಸಿನ ಎಗ್ಮೋರಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್, ಮಲಬಾರಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವುದನ್ನು ಕಂಡು ಅದೇ ರೀತಿಯನ್ನು ತಮ್ಮ ಶಾಲೆಗೆ ತಂದರು. ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವ ಕ್ರಮವನ್ನೂ ರೂಪಿಸಿದರು. 1797ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ಅದು ಮದರಾಸ್ ಪದ್ಧತಿ ಎಂದೇ ಹೆಸರಾಯಿತು. ಇಲ್ಲಿ ವಯಸ್ಸಿಗೊಂದು ಕೋಣೆ, ಕೋಣೆಗೊಂದು ಪಠ್ಯ, ವರ್ಷಕ್ಕೊಂದು ಪರೀಕ್ಷೆ ಎಂಬ ಏರ್ಪಾಡು ಗಟ್ಟಿಯಾದದ್ದು ಆಮೇಲೆ.

ಇಂಥ ಶಾಲೆಗೆ ಮಗುವನ್ನು ಸೇರಿಸಿದ ತಂದೆತಾಯಿಯರ ಪಾಡು ಏನು? ಮಗುವಿಗೆ ಕಷ್ಟವೇನೂ ಇಲ್ಲ. ಅದು ಮೊದಲ ವಾರದಲ್ಲೇ ಹೊಂದಿಕೊಳ್ಳುತ್ತದೆ. ಕಷ್ಟಪಡುವವರು ದೊಡ್ಡವರು. ಚೀಲದಲ್ಲಿ ತುಂಬಿದ ನೋಟ್‌ಬುಕ್ ಇರುವುದಿಲ್ಲ, ಹೋಮ್‌ವರ್ಕ್ ಇರುವುದಿಲ್ಲ, ‘ಇವತ್ತು ಏನು ಕಲಿತೆ?’ ಎಂದರೆ ‘ಮಣ್ಣಿನಲ್ಲಿ ಆಡಿದೆ’ ಎಂಬ ಉತ್ತರ. ಎದುರು ಮನೆಯ ಮಗು ಹದಿನೈದರ ಮಗ್ಗಿ ಒಪ್ಪಿಸುತ್ತಿರುತ್ತದೆ. ಹಬ್ಬಕ್ಕೆ ಬಂದ ಅತ್ತೆಯೋ ಚಿಕ್ಕಪ್ಪನೋ ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿ, ಉತ್ತರ ಬಾರದಿದ್ದರೆ ತಾಯಿಯ ಮುಖ ನೋಡುತ್ತಾರೆ. ಆ ನೋಟವನ್ನು ತಡೆದುಕೊಳ್ಳುವುದು ಸುಲಭವಲ್ಲ. ಶಾಲೆ ಬದಲಿಸಿಬಿಡೋಣ ಎಂಬ ಮಾತು ಗಂಡ ಹೆಂಡಿರ ನಡುವೆ ಬರುವುದು ಸಾಮಾನ್ಯವಾಗಿ ಇಂಥ ಹಬ್ಬದ ರಾತ್ರಿಯೇ.

ಕಾದವರು ಕಾಣುವುದು ಬೇರೆ. ಅಕ್ಷರ ತಡವಾಗಿ ಬಂದ ಮಗು ಒಂದು ದಿನ ಬಸ್ಸಿನ ಫಲಕ, ಅಂಗಡಿಯ ಬೋರ್ಡು, ಬೆಲ್ಲದ ಪೊಟ್ಟಣದ ಕಾಗದ ಎಲ್ಲವನ್ನೂ ಯಾರೂ ಹೇಳದೆ ಓದತೊಡಗುತ್ತದೆ. ಅಳತೆ ಮಾಡಿ ಹಲಗೆ ಕೊಯ್ದ ಮಗುವಿಗೆ ಸೆಂಟಿಮೀಟರು ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಬಾರದ್ದನ್ನು ‘ಬರಲ್ಲ, ಹೇಳಿಕೊಡು’ ಎಂದು ಹೆದರದೆ ಹೇಳುತ್ತದೆ. ನನ್ನ ಮಟ್ಟಿಗೆ ಒಂದು ಪ್ರಾಥಮಿಕ ಶಾಲೆ ಕಲಿಸಬಹುದಾದ ಅತಿ ದೊಡ್ಡ ಪಾಠ ಇದೇ.

ಪೋಷಕರ ಸಭೆಯೂ ಬೇರೆ ತರಹ. ರ್‍ಯಾಂಕ್ ಹಾಳೆಗೆ ಸಹಿ ಹಾಕಿ ಬರುವಂತಿಲ್ಲ. ಶಿಕ್ಷಕಿ ಎದುರು ಕೂರಿಸಿಕೊಂಡು ನಿಮ್ಮ ಮಗುವಿನ ಬಗ್ಗೆಯೇ ಮಾತಾಡುತ್ತಾರೆ: ಯಾರ ಜೊತೆ ಸೇರುತ್ತಾನೆ, ಯಾವಾಗ ಮೂಲೆ ಹಿಡಿಯುತ್ತಾನೆ, ಬೇರೆಯವರು ಮಾತಾಡುವಾಗ ತಾಳುತ್ತಾನೆಯೇ. ಮನೆಯಲ್ಲಿ ಬೈಗುಳವೋ ಹೋಲಿಕೆಯೋ ನಡೆದಿದ್ದರೆ ಅದೂ ಅಲ್ಲಿ ಬಯಲಾಗುತ್ತದೆ. ದಯವಿಟ್ಟು ಟ್ಯೂಷನ್‌ಗೆ ಕಳಿಸಬೇಡಿ ಎಂದು ಕೇಳಿಕೊಳ್ಳುತ್ತಾರೆ. ಫೀಸು ಕಟ್ಟಿದೆ, ನನ್ನ ಕೆಲಸ ಮುಗಿಯಿತು ಎನ್ನುವ ಅಪ್ಪ ಅಮ್ಮಂದಿರಿಗೆ ಸಣ್ಣ ಶಾಲೆ ಆಗಿಬರುವುದಿಲ್ಲ.

ಕೊರತೆಗಳನ್ನು ಮುಚ್ಚಿಡಬಾರದು. ಮಕ್ಕಳು ಕಡಿಮೆ ಎಂದರೆ ಗೆಳೆಯರೂ ಕಡಿಮೆ. ಇಬ್ಬರು ಜಗಳವಾಡಿದರೆ ಅರ್ಧ ಶಾಲೆಯೇ ಮಂಕಾಗುತ್ತದೆ. ಒಬ್ಬರ ಶ್ರಮದಿಂದ ನಡೆಯುವ ಶಾಲೆ ಅವರು ದಣಿದಾಗ ಅಲುಗಾಡುತ್ತದೆ. ಸಂಬಳ ಅಷ್ಟಕ್ಕಷ್ಟೆ, ಹಾಗಾಗಿ ಒಳ್ಳೆಯ ಶಿಕ್ಷಕರು ನಿಲ್ಲುವುದು ಕಷ್ಟ. ಮಗು ದೊಡ್ಡ ಶಾಲೆಗೆ ದಾಟುವಾಗ ಮೊದಲ ಕೆಲವು ತಿಂಗಳು ಕಸಿವಿಸಿ ಇದ್ದೇ ಇರುತ್ತದೆ: ಗಂಟೆ ಹೊಡೆದ ಕೂಡಲೇ ಮಾಡುತ್ತಿದ್ದುದನ್ನು ಬಿಟ್ಟೇಳಬೇಕು, ನಿಂತು ಉತ್ತರ ಹೇಳಬೇಕು, ಮಾರ್ಕ್ಸ್ ಎಂದರೇನೆಂದು ಹೊಸದಾಗಿ ತಿಳಿಯಬೇಕು. ಕೆಲವು ಕುಟುಂಬಗಳು ಹತ್ತನೇ ತರಗತಿಯನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಮುಗಿಸುವ ದಾರಿ ಹಿಡಿಯುತ್ತವೆ. ಅದಕ್ಕೆ ಹದಿನಾಲ್ಕು ವರ್ಷ ತುಂಬಿರಬೇಕು. ಆ ಬೋರ್ಡಿನ ಮಾನ್ಯತೆಯ ಬಗ್ಗೆ ಆತಂಕ ಬೇಡ. ಶಾಲೆಯ ಮಾನ್ಯತೆಯದು ಬೇರೆ ಕಥೆ. 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಮಾನ್ಯತೆಯಿಲ್ಲದೆ ಶಾಲೆ ನಡೆಸುವಂತಿಲ್ಲ. ಕಟ್ಟಡ, ಕೋಣೆ, ಆಟದ ಮೈದಾನಗಳ ಷರತ್ತುಗಳು ಬಂದವು. ಬೀದಿಗೊಂದು ಹುಟ್ಟಿಕೊಳ್ಳುವ ವ್ಯಾಪಾರಿ ಶಾಲೆಗಳನ್ನು ತಡೆಯಲು ಅವು ಬೇಕು. ಮೂವತ್ತು ಮಕ್ಕಳ ಪ್ರಯೋಗಶಾಲೆಗೂ ಮೂರು ಸಾವಿರ ಮಕ್ಕಳ ಸಂಸ್ಥೆಗೂ ಒಂದೇ ಅಳತೆಗೋಲು ಹಿಡಿದದ್ದು ಮಾತ್ರ ನ್ಯಾಯವಲ್ಲ.

ಇಂಥ ಶಾಲೆ ಎಲ್ಲರಿಗೂ ಎಟುಕುವುದಿಲ್ಲವಲ್ಲ, ಅದು ಓದಿಕೊಂಡವರ, ಅನುಕೂಲಸ್ಥರ ಆಯ್ಕೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ನೀಲ್‌ಬಾಗ್‌ನ ಇನ್ನೊಂದು ಕವಲು ಉತ್ತರ ಕೊಡುತ್ತದೆ.

ಹಾರ್ಸ್‌ಬರೊ ಬಳಿ ಕಲಿತವರಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿಯೂ ಇದ್ದರು. ಅವರು ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ, ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆಂದು ಕಲಿಕೆಯನ್ನು ಪುಟ್ಟ ಪುಟ್ಟ ಕಾರ್ಡುಗಳಾಗಿ ಬಿಡಿಸಿ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. 1995ರಲ್ಲಿ, ಯುನಿಸೆಫ್ ನೆರವಿನೊಂದಿಗೆ, ಕನ್ನಡದ ಮಕ್ಕಳಿಗಾಗಿ ತಾವೇ ಕಾರ್ಡು ಬರೆದು ಕಲಿಸತೊಡಗಿದರು. ಅದೇ ‘ನಲಿ-ಕಲಿ’. 2009–10ರಲ್ಲಿ ಸರ್ಕಾರ ಅದನ್ನು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಅಂದರೆ ದೊಡ್ಡಕಲ್ಲಸಂದ್ರದ ಸಣ್ಣ ಶಾಲೆಗೂ ನಿಮ್ಮ ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಗೂ ಬೇರು ಒಂದೇ. ಮನೆಗೆಲಸದವರ, ಗಾರೆ ಕೆಲಸದವರ, ಆಟೊ ಓಡಿಸುವವರ ಮಕ್ಕಳು ಕೂರುವ ಆ ಕೋಣೆಗೆ ನಾವು ಮಧ್ಯಮ ವರ್ಗದವರು ಚುನಾವಣೆಯ ದಿನ ಮತ ಹಾಕಲು ಮಾತ್ರ ಹೋಗುತ್ತೇವೆ. ಆಗ ತಲೆಯ ಮೇಲೆ ಕಟ್ಟಿದ ದಾರಗಳನ್ನು ನೋಡಿರುತ್ತೀರಿ. ಅದು ಚಪ್ಪರ, ಮಕ್ಕಳು ಮಾಡಿದ ಚಿತ್ರ, ಬರೆದ ಹಾಳೆ ತೂಗುಹಾಕುವ ಜಾಗ. ಗೋಡೆಯ ಕೆಳಭಾಗದ ಕಪ್ಪು ಪಟ್ಟಿ ಮಕ್ಕಳ ಕೈಗೆಟುಕುವ ಬರೆಯುವ ಹಲಗೆ. ಇನ್ನೊಂದು ಕಡೆ ಕಲಿಕಾ ಏಣಿ; ತನ್ನ ಮೆಟ್ಟಿಲು ಯಾವುದೆಂದು ಮಗು ತಾನೇ ನೋಡಿಕೊಂಡು ಕಾರ್ಡು ಆರಿಸಿಕೊಳ್ಳುತ್ತದೆ. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ತಟ್ಟೆಗಳೆಂಬ ಗುಂಪುಗಳಲ್ಲಿ ಕೂರುತ್ತಾರೆ: ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ತಾನೇ ಕಲಿಯುವುದು. ಹದಿನೈದು ದಿನ ಜ್ವರ ಬಂದು ಮಲಗಿದ ಮಗು ವಾಪಸು ಬಂದು, ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಪಾಠ ಮುಂದೆ ಹೋಗಿಬಿಟ್ಟಿತು ಎಂಬ ಭಯವಿಲ್ಲ.

ಈ ಶಾಲೆಗಳ ಅಪ್ಪ ಅಮ್ಮಂದಿರಿಗೂ ಅವರದೇ ಗಾಬರಿಗಳಿವೆ. ಮನೆಯಲ್ಲಿ ಅಜ್ಜಿ ಅ ಆ ಇ ಈ ಎಂದು ಶುರುಮಾಡಿದರೆ ಮೊಮ್ಮಗಳು ರ ಗ ಸ ದ ಅ ಎನ್ನುತ್ತಾಳೆ. ಅಕ್ಷರಮಾಲೆಯನ್ನೇ ಕೆಡಿಸಿಬಿಟ್ಟರು ಎಂದು ದೂರು. ಈ ಐದು ಅಕ್ಷರ ಬಂದರೆ ಸಾಕು: ಸರ, ಅರಸ, ಅಗಸ, ಗರಗಸ ಎಂದು ಮಗು ಮೊದಲ ತಿಂಗಳಲ್ಲೇ ಅರ್ಥವಿರುವ ಪದ ಓದುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿಲ್ಲ. ಇದನ್ನು ಯಾರಾದರೂ ಹತ್ತು ನಿಮಿಷ ಕೂತು ವಿವರಿಸಿದರೆ ಅಜ್ಜಿಗೂ ಒಪ್ಪಿಗೆಯಾಗುತ್ತದೆ. ವಿವರಿಸುವ ಪುರಸೊತ್ತು ಶಿಕ್ಷಕರಿಗಿಲ್ಲ ಎಂಬುದೇ ದುಃಖ. ಗಣತಿ, ಸಮೀಕ್ಷೆ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ನಡುವೆ ಮೂರು ತರಗತಿಗಳನ್ನು ಒಬ್ಬರೇ ನೋಡುವ ಶಿಕ್ಷಕಿ ಎಷ್ಟು ಕೋಣೆಗಳಲ್ಲಿ ಕಾರ್ಡುಗಳನ್ನು ಬದಿಗಿಟ್ಟು, ಕಪ್ಪುಹಲಗೆಯಿಂದ ನಕಲು ಮಾಡಿಸುತ್ತಿದ್ದಾರೋ! ಪದ್ಧತಿ ಸೋತಿತು ಎಂದು ಅಲ್ಲಿ ಹೇಳುವುದು ತಪ್ಪು. ಅದಕ್ಕೆ ಬೇಕಾದ ಶಿಕ್ಷಕರನ್ನು ನಾವು ಕೊಡಲಿಲ್ಲ.

ಇಂಗ್ಲಿಷಿನ ಮಾತು ಬಿಟ್ಟು ಶಾಲೆಯ ಮಾತು ಮುಗಿಯುವುದಿಲ್ಲ. ಪ್ರಾಥಮಿಕ ಹಂತ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲೇ ಇರಬೇಕೆಂಬ 1994ರ ಸರ್ಕಾರಿ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಒಪ್ಪಲಿಲ್ಲ. ಮಾಧ್ಯಮದ ಆಯ್ಕೆ ತಂದೆತಾಯಿಯರದ್ದು ಎಂದಿತು. 2019–20ರಿಂದ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಬಡ ಪೋಷಕರ ಇಂಗ್ಲಿಷಿನ ಆಸೆಯನ್ನು ಹೀಗಳೆಯುವ ಹಕ್ಕು, ಸ್ವಂತ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದ ಯಾರಿಗೂ ಇಲ್ಲ. ಆದರೆ ಮೊದಲ ಓದು ಮಗು ಮಾತಾಡುವ ಭಾಷೆಯಲ್ಲೇ ಆಗಲಿ ಎಂಬ ಮಾತನ್ನು ನಾನು ಬಿಡಲಾರೆ. ಕಥೆ ಹೇಳಬಲ್ಲ ಮಗುವಿಗೆ ಅದೇ ಭಾಷೆಯ ಅಕ್ಷರ ಬೇಗ ಒಲಿಯುತ್ತದೆ; ಇಂಗ್ಲಿಷನ್ನು ಅದರ ಪಕ್ಕದಲ್ಲೇ ಚೆನ್ನಾಗಿ ಕಲಿಸಲು ಯಾವ ಅಡ್ಡಿಯೂ ಇಲ್ಲ.

ಈಗಿನ ಗಾಳಿ ದೊಡ್ಡ ಶಾಲೆಗಳ ಕಡೆಗಿದೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳು ಹೆಚ್ಚುತ್ತಿವೆ. ಪ್ರಯೋಗಾಲಯ, ಮೈದಾನ, ವಿಷಯಕ್ಕೊಬ್ಬ ಶಿಕ್ಷಕರು ಹೈಸ್ಕೂಲಿಗೆ ಬೇಕು, ನಿಜ. ಆರು ವರ್ಷದ ಮಗುವಿಗೆ ಬೇಕಾದದ್ದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ, ತನ್ನ ಹೆಸರು ಗೊತ್ತಿರುವ ಶಿಕ್ಷಕಿಯಿರುವ ಸಣ್ಣ ಶಾಲೆ. ಮಕ್ಕಳು ಕಡಿಮೆಯಾದರೆಂದು ಅದನ್ನು ಮುಚ್ಚುವ ಮೊದಲು ಸರ್ಕಾರ ಆ ಬೀದಿಯ ಪೋಷಕರನ್ನು ಕೂರಿಸಿ ಕೇಳಲಿ.

ಬರುವ ವರ್ಷ ಮಗುವನ್ನು ಶಾಲೆಗೆ ಸೇರಿಸಬೇಕಿರುವ ಅಪ್ಪ ಅಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟು. ಫಾರ್ಮ್ ತರುವ ಮೊದಲು ಒಂದು ಬೆಳಿಗ್ಗೆ ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರ ಅನುಮತಿ ಕೇಳಿ, ನಲಿ-ಕಲಿ ಕೋಣೆಯಲ್ಲಿ ಒಂದು ಗಂಟೆ ಕೂತು ಬನ್ನಿ. ಹತ್ತಿರದಲ್ಲಿ ಸಣ್ಣ ಖಾಸಗಿ ಶಾಲೆಯಿದ್ದರೆ ಅಲ್ಲಿಯೂ ಹಾಗೇ ಮಾಡಿ. ಒಳಗೆ ಕೂರಲು ಬಿಡದ ಶಾಲೆಯನ್ನು ಬಿಟ್ಟುಬಿಡಿ. ಮಗುವಿಗೋ ನಿಮಗೋ ಇಂಟರ್‌ವ್ಯೂ ಮಾಡುವುದನ್ನೂ ಡೊನೇಷನ್ ಕೇಳುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ನಿಷೇಧಿಸಿದೆ ಎಂಬುದು ನೆನಪಿರಲಿ. ಮಗು ಈಗಾಗಲೇ ಸರ್ಕಾರಿ ಶಾಲೆಯಲ್ಲಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ತಪ್ಪದೆ ಹೋಗಿ. ಆ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ನಲಿ-ಕಲಿ ಕೋಣೆಗೆ ಬೇರೆಯೇ ಶಿಕ್ಷಕರು ಬೇಕೆಂದು ಸಭೆಯ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಿ.