ಸದಾ ಬೆಳಗುವ ಪರದೆಯೂ ಬ್ಯಾಟರಿಯ ವೆಚ್ಚವೂ

ಕಳಮಶ್ಶೇರಿಯಲ್ಲಿ ಎಚ್.ಎಂ.ಟಿ. ಜಂಕ್ಷನ್ ಎಂಬ ಸ್ಥಳವೊಂದುಂಟು. ಅಲ್ಲಿ ಬಸ್ಸಿನಿಂದ ಇಳಿಯುವಾಗ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ, “ಕೈಗಡಿಯಾರಗಳನ್ನು ಇಲ್ಲಿಯೇ ಮಾಡುತ್ತಿದ್ದರೆ, ಸಾರ್?” ಎಂದು ಕೇಳುವುದುಂಟು. ಇಲ್ಲ, ಇಲ್ಲಿನ ಕಾರ್ಖಾನೆ ಲೇತ್ ಮುಂತಾದ ಯಂತ್ರಗಳದು. ಆ ಹೆಸರಿನ ಗಡಿಯಾರಗಳ ತಯಾರಿಕೆ ಆರಂಭವಾದುದು ನಮ್ಮ ಬೆಂಗಳೂರಿನಲ್ಲಿ, 1961ರಲ್ಲಿ, ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ. ನಮ್ಮ ತಂದೆಯವರ ಕೈಯಲ್ಲಿದ್ದ ಅಂತಹ ಗಡಿಯಾರಕ್ಕೆ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಸಾಕಾಗುತ್ತಿತ್ತು. ಮುಳ್ಳುಗಳನ್ನು ತಿರುಗಿಸುವುದಕ್ಕೆ ಮಾತ್ರ ಅದಕ್ಕೆ ಶಕ್ತಿ ಬೇಕು. ತೋರಿಸುವ ಕೆಲಸವನ್ನು ಹಗಲಿನ ಬೆಳಕೇ ಮಾಡುತ್ತಿತ್ತು. ಕತ್ತಲಲ್ಲಿ ಅದು ಕಾಣುತ್ತಿರಲಿಲ್ಲವೆಂಬುದೂ ನಿಜವೇ.

ಇಂದಿನ ಮೊಬೈಲು ಫೋನು ಹಾಗಲ್ಲ. ಅದು ತೋರಿಸಬೇಕಾದರೆ ತಾನೇ ಬೆಳಗಬೇಕು, ಬೆಳಗಬೇಕಾದರೆ ಬ್ಯಾಟರಿಯನ್ನು ಕರಗಿಸಬೇಕು. ಆದುದರಿಂದಲೇ ಬಹುಕಾಲ ಫೋನುಗಳು ಕೆಲಸವಿಲ್ಲದಾಗ ಪರದೆಯನ್ನು ಪೂರ್ತಿ ಆರಿಸಿ ಕಪ್ಪಾಗಿ ಮಲಗುತ್ತಿದ್ದವು. ಈಗ ಅನೇಕ ಫೋನುಗಳಲ್ಲಿ ಮಲಗಿದ ಪರದೆಯ ಮೇಲೂ ಗಂಟೆ, ತಾರೀಖು, ಬಂದ ಸಂದೇಶಗಳ ಗುರುತುಗಳು ಮಂದವಾಗಿ ಬೆಳಗುತ್ತಿರುತ್ತವೆ. ಇದಕ್ಕೆ ಆಲ್ವೇಸ್ ಆನ್ ಡಿಸ್ಪ್ಲೇ ಎಂದು ಹೆಸರು. ನೋಕಿಯಾದವರು 2013ರಲ್ಲಿ ತಮ್ಮ ಲೂಮಿಯಾ ಫೋನುಗಳಲ್ಲಿ ಇಂತಹುದನ್ನು ಕೊಟ್ಟಿದ್ದರು. ಸ್ಯಾಮ್ಸಂಗ್ ಕಂಪೆನಿ 2016ರಲ್ಲಿಯೂ, ಆ್ಯಪಲ್ ಕಂಪೆನಿ 2022ರಲ್ಲಿಯೂ ತಂದವು. ಇದು ಉಪಯೋಗವೋ, ಬರಿಯ ದುಂದೋ? ನಮ್ಮ ತರಗತಿಯಲ್ಲಿ ಈ ವಾದ ಒಮ್ಮೆ ಇಡೀ ಒಂದು ಪೀರಿಯಡ್ಡನ್ನು ನುಂಗಿತು. ವ್ಯಾಕರಣಕ್ಕೆ ಅಂದು ರಜೆ.

ಮೊದಲು ಪರದೆಯ ಜಾತಿಯನ್ನು ತಿಳಿಯಬೇಕು. ಎಲ್.ಸಿ.ಡಿ. ಎಂಬ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದೆ ಒಂದು ದೀಪವಿದ್ದು, ಮುಂದಿನ ಪದರವು ಕಿಟಕಿಯ ಬಾಗಿಲುಗಳಂತೆ ಆ ಬೆಳಕನ್ನು ಬಿಡುತ್ತದೆ, ಇಲ್ಲವೆ ತಡೆಯುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಅಂಕಿಯನ್ನು ತೋರಿಸಬೇಕಾದರೂ ಸಾಮಾನ್ಯವಾಗಿ ಹಿಂದಿನ ದೀಪವೆಲ್ಲ ಉರಿಯಬೇಕು. ಮನೆಯ ಒಂದು ಕೋಣೆಯಲ್ಲಿ ಸೂಜಿ ಹುಡುಕಲು ಎಲ್ಲ ಕೋಣೆಗಳ ದೀಪ ಹಾಕಿದಂತೆ! (ಹಳೆಯ ಅಂಕಿಯ ಕೈಗಡಿಯಾರಗಳಲ್ಲಿದ್ದುದೂ ಎಲ್.ಸಿ.ಡಿ.ಯೇ, ಆದರೆ ಅವು ಹೊರಗಿನ ಬೆಳಕನ್ನೇ ಪ್ರತಿಫಲಿಸುತ್ತಿದ್ದುದರಿಂದ ಒಂದು ಗುಂಡಿಯಷ್ಟಿನ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತಿದ್ದವು.) ಓ.ಎಲ್.ಇ.ಡಿ. ಪರದೆಯ ರೀತಿ ಬೇರೆ. ಅದರಲ್ಲಿ ಪ್ರತಿಯೊಂದು ಬಿಂದುವೂ ತಾನೇ ಒಂದು ಹಣತೆ. ಕಪ್ಪಾಗಿ ಕಾಣುವ ಬಿಂದು ಆರಿದ ಹಣತೆ. ಅದಕ್ಕೆ ಎಣ್ಣೆಯ ಖರ್ಚಿಲ್ಲ. ಉದ್ದಕ್ಕೆ 2400, ಅಗಲಕ್ಕೆ 1080 ಬಿಂದುಗಳಿರುವ ಪರದೆಯಲ್ಲಿ ಒಟ್ಟು 25,92,000 ಬಿಂದುಗಳಾಗುತ್ತವೆ. ಗಡಿಯಾರದ ಅಂಕಿಗಳಿಗೆ ಅದರಲ್ಲಿ ಅತ್ಯಲ್ಪ ಭಾಗ ಸಾಕು.

ಇಷ್ಟೇ ಅಲ್ಲ. ಬಳಸುತ್ತಿರುವಾಗ ಫೋನು ತನ್ನ ಚಿತ್ರವನ್ನು ಸೆಕೆಂಡಿಗೆ 60 ಸಲವೋ 120 ಸಲವೋ ಹೊಸದಾಗಿ ಬರೆಯುತ್ತದೆ. ನಿಂತ ಗಡಿಯಾರದ ಚಿತ್ರಕ್ಕೆ ಆ ಆತುರವೇಕೆ? ಬೆಲೆಬಾಳುವ ಕೆಲವು ಫೋನುಗಳು ಆಗ ಸೆಕೆಂಡಿಗೆ ಒಂದೇ ಸಲ ಬರೆಯುವ ಮಟ್ಟಕ್ಕೆ ಇಳಿಯುತ್ತವೆ. ಜೇಬಿನಲ್ಲಿಟ್ಟರೆ, ಬೋರಲು ಹಾಕಿದರೆ, ಅನೇಕ ಫೋನುಗಳು ಅದನ್ನು ಅರಿತು ಆ ಮಂದ ಬೆಳಕನ್ನೂ ಆರಿಸುತ್ತವೆ.

ಹಾಗಾದರೆ ವೆಚ್ಚವೆಷ್ಟು? ಫೋನಿನಿಂದ ಫೋನಿಗೆ ವ್ಯತ್ಯಾಸವುಂಟು. ಗಂಟೆಗೆ ಶೇಕಡಾ ಅರ್ಧದಿಂದ ಒಂದರವರೆಗೆ ಎಂದು ಹಿಡಿಯೋಣ. ಹಾಗೆ ಹಿಡಿದರೆ ರಾತ್ರಿ ಎಂಟು ಗಂಟೆಗಳ ನಿದ್ರೆಯಲ್ಲಿ ಶೇಕಡಾ 4ರಿಂದ 8ರಷ್ಟು ಕರಗುತ್ತದೆ. ಬೆಳಗ್ಗೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವವರಿಗೆ ಇದು ಲೆಕ್ಕಕ್ಕೇ ಬಾರದು. ಅದೂ ಅಲ್ಲದೆ, ಗಂಟೆ ನೋಡಲೆಂದೇ ದಿನಕ್ಕೆ ನೂರು ಸಲ ಪರದೆಯನ್ನು ಪೂರ್ತಿ ಎಬ್ಬಿಸುವವರಿಗೆ ಆ ಎಬ್ಬಿಸುವಿಕೆಯ ಖರ್ಚಷ್ಟೂ ಉಳಿಯುತ್ತದೆ. ನಾಲ್ಕೈದು ಸಲ ಮಾತ್ರ ನೋಡುವವರಿಗೆ ಆ ಉಳಿತಾಯವಿಲ್ಲ. ನಿಮ್ಮ ಮನೆಯ ಫೋನಿನ ಲೆಕ್ಕ ಬೇಕಾದರೆ ಒಂದು ರಾತ್ರಿ ಹಚ್ಚಿ, ಮರುರಾತ್ರಿ ಆರಿಸಿ, ಮಲಗುವಾಗಲೂ ಏಳುವಾಗಲೂ ಅಂಕಿಗಳನ್ನು ಬರೆದಿಟ್ಟು ನೋಡಿರಿ. ಹಿರಿಯರ ಅಪ್ಪಣೆ ಪಡೆದೇ ಮಾಡಿರಿ.

ಆದರೆ ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ಇಲ್ಲದ ದಿನ?

2018ರ ಆಗಸ್ಟ್ ತಿಂಗಳನ್ನು ಇಲ್ಲಿನವರು ಮರೆತಿಲ್ಲ. ಇಡುಕ್ಕಿ ಜಲಾಶಯದ ಚೆರುತೋಣಿ ಅಣೆಕಟ್ಟಿನ ಬಾಗಿಲುಗಳನ್ನು ಇಪ್ಪತ್ತಾರು ವರ್ಷಗಳ ಅನಂತರ ತೆರೆದರು. ಪೆರಿಯಾರ್ ನದಿ ಉಕ್ಕಿ ಆಲುವಾ ಪಟ್ಟಣಕ್ಕೆ ನುಗ್ಗಿತು. ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣವನ್ನು 15ರಿಂದ 29ರವರೆಗೆ ಮುಚ್ಚಬೇಕಾಯಿತು. ಆಗ ನಾವು ಕಳಮಶ್ಶೇರಿಯ ತಗ್ಗಿನ ಒಂದು ಬಾಡಿಗೆ ಮನೆಯಲ್ಲಿದ್ದೆವು. ಮಲೆಯಾಳವನ್ನು ಇನ್ನೂ ಅಕ್ಷರ ಕೂಡಿಸಿ ಓದುತ್ತಿದ್ದ ಕಾಲ. ರಾತ್ರಿ ಕರೆಂಟು ಹೋಯಿತು. ಫೋನಿನಲ್ಲಿ ಶೇಕಡಾ ಎಪ್ಪತ್ತು ಇತ್ತು. ನಾವು ಧೈರ್ಯವಾಗಿಯೇ ಇದ್ದೆವು. ಕತ್ತಲಲ್ಲಿ ಬೆಳಗುತ್ತಿದ್ದ ಆ ಪುಟ್ಟ ಗಡಿಯಾರ ಒಂದು ಜೊತೆಯಂತೆ ತೋರಿತು. ಅದನ್ನು ಆರಿಸಬೇಕೆಂಬ ಯೋಚನೆಯೇ ಬರಲಿಲ್ಲ.

ಆ ದಿನಗಳಲ್ಲಿ ಫೋನೆಂದರೆ ಪ್ರಾಣವೇ ಆಗಿತ್ತು. ಸಿಕ್ಕಿಬಿದ್ದವರು ತಾವಿರುವ ಸ್ಥಳವನ್ನು ಅದರಿಂದಲೇ ತಿಳಿಸುತ್ತಿದ್ದರು; ಆ ಗುರುತು ಹಿಡಿದು ಮೀನುಗಾರರು ತಮ್ಮ ದೋಣಿಗಳಲ್ಲಿ ಬರುತ್ತಿದ್ದರು. ನಮಗೆ ಅಷ್ಟು ವಿಪತ್ತು ಬರಲಿಲ್ಲ. ನೀರು ಮೆಟ್ಟಿಲವರೆಗೆ ಬಂದು ನಿಂತಿತು. ಆದರೆ ಮರುದಿನ ಸಂಜೆ, ಊರಿನಲ್ಲಿ ಸುದ್ದಿ ಕೇಳಿ ಕಂಗಾಲಾಗಿದ್ದ ತಾಯಿಯವರ ಕರೆ ಕೊನೆಗೂ ತಾಗಿ, “ಮಗೂ, ನೀರು ಎಲ್ಲಿಯವರೆಗೆ...” ಎನ್ನುವಷ್ಟರಲ್ಲಿ ಫೋನು ಆರಿಹೋಯಿತು. ಅನಂತರ ಎರಡು ದಿನ ಅವರಿಗೆ ನಮ್ಮ ಧ್ವನಿ ಕೇಳಲಿಲ್ಲ. ಆ ಎರಡು ದಿನ ಅವರು ಒಲೆ ಹಚ್ಚಲಿಲ್ಲವೆಂದು ನೆರೆಮನೆಯವರು ಆಮೇಲೆ ಹೇಳಿದರು.

ಇಲ್ಲಿ ನ್ಯಾಯವಾಗಿ ಲೆಕ್ಕ ಮಾಡಬೇಕು. ತಪ್ಪೆಲ್ಲ ಆ ಗಡಿಯಾರದ್ದಲ್ಲ. ಗೋಪುರದ ಸಂಕೇತ ಕ್ಷೀಣವಾದಾಗ ಫೋನು ಹೆಚ್ಚು ಶಕ್ತಿ ವ್ಯಯಿಸಿ ಅದನ್ನು ಮತ್ತೆ ಮತ್ತೆ ಅರಸುತ್ತದೆ. ಆ ರಾತ್ರಿ ಬ್ಯಾಟರಿಯನ್ನು ಹೆಚ್ಚಾಗಿ ತಿಂದುದು ಅದೇ ಇರಬೇಕು. ಆದರೂ ಗಂಟೆಗೆ ಮುಕ್ಕಾಲರಂತೆ ಹಿಡಿದರೆ ಇಪ್ಪತ್ತು ಗಂಟೆಗಳಿಗೆ ಶೇಕಡಾ 15 ಆಯಿತು. “ನಾನು ಕ್ಷೇಮವಾಗಿದ್ದೇನೆ” ಎನ್ನಲು ಅದರಲ್ಲಿ ಒಂದು ಪಾಲೂ ಬೇಕಿರಲಿಲ್ಲ.

ತಾಯಿಯವರು ಈಗ ವರ್ಷದಲ್ಲಿ ಕೆಲವು ತಿಂಗಳು ನಮ್ಮೊಡನೆಯೇ ಇರುತ್ತಾರೆ. ಅವರ ಹಾಸಿಗೆಯ ಬಳಿ ಇಡುವ ಫೋನಿನಲ್ಲಿ ಗಡಿಯಾರವನ್ನು ನಾವೇ ಹಚ್ಚಿಟ್ಟಿದ್ದೇವೆ. ರಾತ್ರಿ ಔಷಧಿಯ ವೇಳೆ ನೋಡಲು ಅವರು ಕನ್ನಡಕ ಹುಡುಕಿ, ಗುಂಡಿ ಒತ್ತಿ, ಕಣ್ಣು ಕುಕ್ಕುವ ಬೆಳಕಿಗೆ ಮುಖ ತಿರುಗಿಸುವುದು ತಪ್ಪಿದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದು ಕರೆಂಟು ಕಣ್ಣುಮುಚ್ಚಾಲೆ ಆಡತೊಡಗಿದಾಗ, “ಆ ದೀಪ ಆರಿಸೋ” ಎಂದು ಮೊದಲು ನೆನಪಿಸುವವರೂ ಅವರೇ.