ಬೆಂಗಳೂರಿನಲ್ಲಿ ಹಸಿವೆಲ್ಲಿದೆ ಅನ್ನುವವರಿಗೆ

ತಪ್ಪು ಕಲ್ಪನೆ: ಬೀದಿಗೆರಡು ದರ್ಶಿನಿ, ನಡುರಾತ್ರಿಯೂ ಬಿರಿಯಾನಿ ತಂದುಕೊಡುವ ಆ್ಯಪ್‌ಗಳು ಇರುವ ಊರಿನಲ್ಲಿ ಯಾರೂ ಹಸಿದು ಮಲಗುವುದಿಲ್ಲ.

ವಾಸ್ತವ: ಊರಲ್ಲಿ ಊಟ ಇರುವುದೇ ಬೇರೆ, ಅದು ತಟ್ಟೆಗೆ ಬೀಳುವುದೇ ಬೇರೆ. ಹಳ್ಳಿಯಲ್ಲಿ ಹಿತ್ತಲ ಸೊಪ್ಪೋ ಪಕ್ಕದ ಮನೆಯ ಮಜ್ಜಿಗೆಯೋ ಕೈಹಿಡಿಯುತ್ತದೆ. ಇಲ್ಲಿ ಕರಿಬೇವಿಗೂ ದುಡ್ಡು. ಬಾಡಿಗೆ ತಪ್ಪಿಸುವಂತಿಲ್ಲ, ಗ್ಯಾಸ್ ತಪ್ಪಿಸುವಂತಿಲ್ಲ. ತಿಂಗಳ ಕೊನೆಗೆ ಕತ್ತರಿ ಬೀಳುವುದು ಬೇಳೆಗೆ, ಹಾಲಿಗೆ, ಮೊಟ್ಟೆಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ ನಗರಗಳಲ್ಲೇ ಐದು ವರ್ಷದೊಳಗಿನ ಶೇ 30.1ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ತಪ್ಪು ಕಲ್ಪನೆ: ಮೈಕೈ ತುಂಬಿಕೊಂಡವರಿಗೆ ಆಹಾರದ ಕೊರತೆ ಇರಲಾರದು.

ವಾಸ್ತವ: ಅನ್ನ ಮತ್ತು ಬಜ್ಜಿ ಹೊಟ್ಟೆ ತುಂಬಿಸುತ್ತವೆ, ರಕ್ತ ತುಂಬಿಸುವುದಿಲ್ಲ. ಅದೇ ಸಮೀಕ್ಷೆಯಲ್ಲಿ ನಗರಗಳ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 53.8 ಮಂದಿಗೆ ರಕ್ತಹೀನತೆ.

ತಪ್ಪು ಕಲ್ಪನೆ: ಸೊಸೈಟಿ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬೆರೆಸಿರುತ್ತಾರೆ.

ವಾಸ್ತವ: ವಾಟ್ಸ್ಆ್ಯಪ್ ವಿಡಿಯೊ ನೋಡಿ ನಮ್ಮಲ್ಲಿ ಎಷ್ಟೋ ಜನ ಬೆಚ್ಚಿದ್ದೇವೆ. ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಅಕ್ಕಿ ತೊಳೆಯುವಾಗ ಒಂದಿಷ್ಟು ಕಾಳು ನಿಜಕ್ಕೂ ತೇಲುತ್ತವೆ, ಬಣ್ಣವೂ ತುಸು ಬೇರೆ. ಅವು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ನಾದಿ, ಯಂತ್ರದಲ್ಲಿ ಒತ್ತಿ, ಅಕ್ಕಿಯಂತೆಯೇ ಕತ್ತರಿಸಿ ಒಣಗಿಸುತ್ತಾರೆ. ನೂರು ಕಿಲೋಗೆ ಒಂದು ಕಿಲೋದಂತೆ ಬೆರೆಸುತ್ತಾರೆ. ಬೆಂಕಿಗೆ ಹಿಡಿದರೆ ಅಕ್ಕಿಯಂತೆ ಕರಿಯಾಗುತ್ತವೆ, ಪ್ಲಾಸ್ಟಿಕ್‌ನಂತೆ ಕರಗಿ ಜಿನುಗುವುದಿಲ್ಲ. ಇನ್ನು ಅನ್ನದ ಉಂಡೆ ನೆಲಕ್ಕೆಸೆದರೆ ಪುಟಿಯುವುದು ಪಿಷ್ಟದ ಅಂಟಿನಿಂದ. ಸೋನಾಮಸೂರಿಯದೂ ಪುಟಿಯುತ್ತದೆ, ಬೇಕಿದ್ದರೆ ನೋಡಿ. ವ್ಯಾಪಾರದ ಲೆಕ್ಕದಲ್ಲೂ ಅಗ್ಗದ ಅಕ್ಕಿಗೆ ಅದಕ್ಕಿಂತ ದುಬಾರಿ ಪ್ಲಾಸ್ಟಿಕ್ ಬೆರೆಸುವ ದಡ್ಡ ಯಾರು? ಬೇಸರದ ಮಾತೆಂದರೆ, ರಕ್ತಹೀನತೆಗೆಂದು ಹಾಕಿದ ಕಾಳನ್ನೇ ಆರಿಸಿ ಕಸಕ್ಕೆ ಎಸೆಯುತ್ತಿದ್ದೇವೆ.

ತಪ್ಪು ಕಲ್ಪನೆ: ಇಂದಿರಾ ಕ್ಯಾಂಟೀನ್ ಇರುವಾಗ ಹಸಿದಿರುವುದು ಸೋಮಾರಿತನ.

ವಾಸ್ತವ: 2017ರ ಆಗಸ್ಟ್‌ನಲ್ಲಿ ಶುರುವಾದ 5 ರೂಪಾಯಿ ತಿಂಡಿ, 10 ರೂಪಾಯಿ ಊಟ ದೊಡ್ಡ ಆಸರೆಯೇ. ಅಲ್ಲಿ ಸಾಲು ನಿಲ್ಲುವವರು ಆಟೊ ಓಡಿಸುವವರು, ಮೂಟೆ ಹೊರುವವರು, ಸೋಮಾರಿಗಳಲ್ಲ. ಆದರೆ ತಿಂಡಿಯ ಹೊತ್ತಿಗೆ ಮನೆಗೆಲಸದಾಕೆ ಎರಡನೇ ಮನೆಯ ಪಾತ್ರೆ ಮುಂದೆ ಕೂತಿರುತ್ತಾಳೆ. ಹಾಸಿಗೆ ಹಿಡಿದ ಅವಳ ಅತ್ತೆ ಕ್ಯಾಂಟೀನಿಗೆ ಬರಲಾರಳು.

ತಪ್ಪು ಕಲ್ಪನೆ: ಹೊರಗಿನಿಂದ ಬಂದವರ ಕಾರ್ಡಿಗೆ ಇಲ್ಲಿ ಅಕ್ಕಿ ಸಿಗುವುದಿಲ್ಲ.

ವಾಸ್ತವ: ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡಾದರೆ, ಅದು ರಾಯಚೂರಿನದಿರಲಿ ಬಿಹಾರದ್ದಿರಲಿ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುತ್ತದೆ. ತನ್ನ ಪಾಲನ್ನು ಇಲ್ಲಿ ಪಡೆದರೆ, ಉಳಿದದ್ದನ್ನು ಮನೆಯವರು ಊರಲ್ಲೇ ಪಡೆಯಬಹುದು. ತೊಡಕು ಬೇರೆ ಕಡೆ ಇದೆ. ಸಿಮೆಂಟಿನಲ್ಲಿ ಸವೆದ ಬೆರಳಿಗೆ ಥಂಬ್ ಬೀಳುವುದಿಲ್ಲ. ಕಾರ್ಡೇ ಇಲ್ಲದವರಿಗೆ ಏನೂ ಇಲ್ಲ: 2013ರ ಕಾಯ್ದೆ ನಗರವಾಸಿಗಳಲ್ಲಿ ಗರಿಷ್ಠ ಶೇ 50 ಮಂದಿಗಷ್ಟೇ ಅನ್ವಯ, ಆ ಲೆಕ್ಕವೂ 2011ರ ಜನಗಣತಿಯದು. ಆದರೆ ಕಾರ್ಡಿದ್ದೂ ಬರಿಗೈಲಿ ವಾಪಸಾದವರು ಸುಮ್ಮನಿರಬೇಕಿಲ್ಲ. ನಿಮ್ಮ ಪಕ್ಕದ ಸೈಟಿನ ಶೆಡ್ಡಿನಲ್ಲಿರುವವರಿಗೆ ಈ ಮಾತು ತಿಳಿಸಿ, ದೂರು ಕೊಡಲು 1967 ಸಹಾಯವಾಣಿಗೆ ಫೋನ್ ಹಚ್ಚಿಕೊಡಿ.