ಅಕಾಡೆಮಿ ಹುಡುಗ ಸೊಸೈಟಿ ಟೂರ್ನಮೆಂಟಿಗೆ ಬಂದರೆ?

ನಾನಿರುವ ಡೊಂಬಿವಲಿ ಎಂಐಡಿಸಿಯಲ್ಲಿ ಮಕ್ಕಳ ಟೆನಿಸ್ ಬಾಲ್ ಕ್ರಿಕೆಟ್ ಅಂದ್ರೆ ರಜೆಯ ಮಜಾ. ಅಲ್ಲಿಗೆ ದಿನಾ ಲೆದರ್ ಬಾಲ್‌ನಲ್ಲಿ ಪಳಗಿದ, ಮುಂಬೈ ಶಾಲೆಯ ಪರ ಗೈಲ್ಸ್ ಶೀಲ್ಡ್ ಆಡುವ ಹುಡುಗ ಬಂದರೆ? ಆರು ಓವರ್ ಅಂದ್ರೆ 36 ಎಸೆತ. ಅವನೊಬ್ಬನೇ 25 ಆಡಿದರೆ ಉಳಿದವರಿಗೆ ಬ್ಯಾಟೇ ಸಿಗಲ್ಲ. ಮುಂದಿನ ಸಲ ಅವರು ಬರೋದೂ ಇಲ್ಲ.

ಹಾಗಂತ ಅವನನ್ನ ಹೊರಗಿಡಬೇಕಾ? ಬೇಡ. ಅಜಿಂಕ್ಯ ರಹಾನೆ ಚಿಕ್ಕವರಿದ್ದಾಗ ಕ್ರಿಕೆಟ್ ಕಲಿತದ್ದೂ ಇದೇ ಡೊಂಬಿವಲಿಯ ಮ್ಯಾಟಿಂಗ್ ಪಿಚ್‌ನಲ್ಲಿ. ಚೆನ್ನಾಗಿ ಆಡುವವನ ಜೊತೆ ಆಡಿದರೇ ಉಳಿದವರೂ ಕಲಿಯೋದು.

ತಂಡಕ್ಕೊಬ್ಬನೇ ಅಕಾಡೆಮಿ ಆಟಗಾರ, ಅದೂ ಚೀಟಿ ಎತ್ತಿ. 20 ರನ್ನಿಗೆ ರಿಟೈರ್. ಬೌಲಿಂಗ್ ಒಂದೇ ಓವರ್. ಇಷ್ಟು ನಿಯಮ ಸಾಕು. ಅವನ ಸವಾಲಿಗೆ ಆಜಾದ್ ಮೈದಾನ ಇದೆ. ಚಿಕ್ಕವರಿಗೆ ಇರೋದು ಈ ಅಂಗಳ ಒಂದೇ.